ಅಕ್ಕನ ಬಾಗಿಲಲ್ಲಿ ಬಿಚ್ಚಿದ ಬೂಟು

ಐವತ್ತು ಕಿಲೋಮೀಟರಿನ ಆ ಓಟಕ್ಕೆ ಮೊದಲ ಸಲ ಹೋದಾಗ ನಾನು ಗುರಿ ತಲುಪಿದ್ದು ಬಾಳೆಹಣ್ಣಿನ ಬುಟ್ಟಿಗಳಿದ್ದ ಟೆಂಪೊದಲ್ಲಿ. ಮೂವತ್ತೆಂಟನೆಯ ಕಿಲೋಮೀಟರಿನಲ್ಲಿ ಒಂದು ಮೋರಿಕಟ್ಟೆಯ ಮೇಲೆ ಕುಳಿತವನು ಮತ್ತೆ ಏಳಲಿಲ್ಲ. ಡ್ರೈವರ್ ಒಳ್ಳೆಯವನು. ದಾರಿಯುದ್ದಕ್ಕೂ “ತಗಳ್ರಿ ಸಾರ್, ಇನ್ನೊಂದ್ ತಿನ್ರಿ” ಎಂದು ಹಣ್ಣು ಕೊಡುತ್ತಲೇ ಇದ್ದ. ಹೊಳಲ್ಕೆರೆಯಲ್ಲಿ ನಾನು ಗಣಿತ ಹೇಳುವ ಹೈಸ್ಕೂಲಿನ ಸ್ಟಾಫ್ ರೂಮಿಗೆ ಈ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅಂದಿನಿಂದ ಯಾರು ಬಾಳೆಹಣ್ಣು ತಂದರೂ ಮೊದಲು ನನ್ನ ಮುಂದೆ ಹಿಡಿಯುತ್ತಾರೆ. ಹೆಂಡತಿ “ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ” ಎಂದು ಕೇಳಿದ್ದು ಒಂದೇ ಸಲ. ಆ ಒಂದು ಸಲ ಸುಮಾರು ಮೂರು ತಿಂಗಳು ನಡೆಯಿತು.

ಹಾಗಾಗಿ ಮರುವರ್ಷ ಮತ್ತೆ ಹೆಸರು ಕೊಟ್ಟಾಗ ನನಗೆ ಬೇಕಾಗಿದ್ದು ಇಷ್ಟೇ: ಕೊಟ್ಟಿದ್ದ ಒಂಬತ್ತು ಗಂಟೆಯೊಳಗೆ, ನನ್ನದೇ ಕಾಲ ಮೇಲೆ, ಆ ಗೆರೆ ದಾಟುವುದು.

ಚಿಂತೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮ ಮನೆತನದಲ್ಲಿ ಇಲ್ಲ. ಆರು ತಿಂಗಳು ಬೆಳಗ್ಗೆ ಓಡಿದೆ, ಉಳಿದ ಹೊತ್ತೆಲ್ಲ ಚಿಂತಿಸಿದೆ. ಮಂಡಿ ಹಿಡಿದುಕೊಂಡರೆ? ನಾಯಿ ಅಟ್ಟಿಸಿಕೊಂಡು ಬಂದರೆ? ಹೊಟ್ಟೆ ಕೆಟ್ಟು ಬಯಲಿನಲ್ಲಿ ಒಂದು ಪೊದೆಯೂ ಸಿಗದಿದ್ದರೆ? ನಿಜ ಹೇಳಬೇಕೆಂದರೆ ಇದರಲ್ಲಿ ಒಂದೂ ಆಗಲಿಲ್ಲ. ಬೆಳಗ್ಗೆ ಐದೂವರೆಗೆ ದುರ್ಗದಿಂದ ಹೊರಟವನು, ಹಳ್ಳಿ ದಾರಿಗಳಲ್ಲಿ ಸಾಗಿ, ಹನ್ನೊಂದೂಕಾಲಿಗೆ ಮೂವತ್ತಾರನೆಯ ಕಿಲೋಮೀಟರು ಮುಟ್ಟಿದ್ದೆ. ಮಂಡಿ ಸುಮ್ಮನಿತ್ತು. ನಾಯಿಗಳು ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಆ ಓಟದಲ್ಲಿ ಚೆನ್ನಾಗಿ ನಡೆದದ್ದು ಯಾವುದು ಎಂದು ಯಾರಾದರೂ ಕೇಳಿದರೆ ಈ ಮೂವತ್ತಾರನ್ನು ತೋರಿಸಬಹುದು.

ಮೂವತ್ತಾರನೆಯದರಲ್ಲಿ ಆದಿವಾಲದ ಪಕ್ಕದಲ್ಲಿ ನನ್ನ ಅಕ್ಕನ ಮನೆ.

ಮನೆ ಇರುವುದು ಓಟದ ದಾರಿಗೇ. ಹಿಂದಿನ ದಿನ ಫೋನಿನಲ್ಲಿ ನೂರು ಸಲ ಹೇಳಿದ್ದೆ: “ಅಕ್ಕಾ, ರಸ್ತೆಗೆ ಒಂದ್ ಲೋಟ ಮಜ್ಜಿಗೆ ತಂದ್ ಕೊಡು, ನಿಂತ್ಕಂಡೇ ಕುಡ್ದು ಹೋಗ್ತೀನಿ. ಒಳಗೆ ಬರಲ್ಲ.” “ಆಗ್ಲೇಳಪ್ಪ, ನನಗೆ ಅಷ್ಟೂ ತಿಳಿಯಲ್ವಾ?” ಎಂದಿದ್ದಳು.

ಮಜ್ಜಿಗೆ ರಸ್ತೆಗೆ ಬಂದಿರಲಿಲ್ಲ. ಅಕ್ಕ ಬಾಗಿಲಲ್ಲಿ ತಂಬಿಗೆ ನೀರು ಹಿಡಿದು ನಿಂತಿದ್ದಳು. ಬೀದಿಯ ಹೆಂಗಸರೆಲ್ಲ ಆಗಲೇ ಅವರವರ ಜಗಲಿಯಲ್ಲಿ ಕೂತಿದ್ದರು.

“ಅಕ್ಕಾ, ಟೈಮಿಲ್ಲ.”

“ಕಾಲಿಗೆ ನೀರು ಹಾಕ್ಕಳಾಕೆ ಎಷ್ಟ್ ಟೈಮ್ ಬೇಕೋ? ತವರಿನೋನು ಬಾಗ್ಲಿಗೆ ಬಂದು ಕಾಲು ತೊಳೀದೆ ಹೋದ್ರೆ ಇವರೆಲ್ಲ ಏನಂತಾರೆ? ಅಣ್ಣತಮ್ಮಂದ್ರ ಜೊತೆ ಜಗಳ ಆಗೈತೆ ಅಂತಾರೆ.”

ಎದುರು ಜಗಲಿಯ ಅಜ್ಜಿ, ಅಂಥದ್ದೇನೂ ನಾನು ಅನ್ನುವುದಿಲ್ಲ ಎಂಬ ಮುಖ ಮಾಡಿ, ಆದರೆ ಕಣ್ಣು ಕೀಳದೆ ನೋಡುತ್ತಿದ್ದಳು. ನಮ್ಮ ಕಡೆ ಇದು ತಮಾಷೆಯಲ್ಲ. ಕಾಲು ತೊಳೆಯದೆ ಹೋದ ಅಣ್ಣತಮ್ಮಂದಿರ ಕತೆ ಬೀದಿಯಲ್ಲಿ ಹತ್ತು ವರ್ಷ ಉಳಿಯುತ್ತದೆ. ನಾನು ಬೂಟು ಬಿಚ್ಚಿದೆ.

ತಣ್ಣೀರು ಕಾಲಿಗೆ ಬಿದ್ದಾಗ ಆದ ಸುಖ ಎಂಥದ್ದೆಂದರೆ, ಅಲ್ಲಿಂದ ಮುಂದಿನದೆಲ್ಲ ನನ್ನ ತಪ್ಪೇ. ಕಾಲು ತೊಳೆದವನು ಒಳಗೆ ಹೋದೆ. ಒಳಗೆ ಹೋದವನು ಕೂತೆ. ಕೂತವನ ಮುಂದೆ ಮುದ್ದೆ, ಅವರೆಕಾಳು ಸಾರು ಬಂತು. ಬೇಡ ಎಂದದ್ದನ್ನು ಅಕ್ಕ ಕೇಳಿಸಿಕೊಳ್ಳಲಿಲ್ಲ. ನಾನೂ ಗಟ್ಟಿಯಾಗಿ ಹೇಳಲಿಲ್ಲ. ಐವತ್ತು ನಿಮಿಷ ಕಳೆದು ಹೊರಗೆ ಬಂದು ಬೂಟಿಗೆ ಕಾಲಿಟ್ಟರೆ ಹಿಮ್ಮಡಿ ಒಳಗೆ ಇಳಿಯುತ್ತಿಲ್ಲ. ಅಷ್ಟು ಹೊತ್ತು ಓಡಿದ ಕಾಲು, ಬಿಚ್ಚಿ ಕೂತರೆ ಬಾತುಕೊಳ್ಳುತ್ತದೆ ಎಂದು ನೂರು ಕಡೆ ಓದಿದ್ದೆ. ಲೇಸು ಪೂರ್ತಿ ಸಡಿಲಿಸಿದೆ, ಜಗ್ಗಿದೆ, ಅಕ್ಕ ಹಿಂದಿನಿಂದ ಚಮಚ ಇಟ್ಟು ಒತ್ತಿದಳು. ಆಗಲಿಲ್ಲ. “ನನ್ನಿಂದ್ಲೇ ಆಯ್ತಲ್ಲಪ್ಪ” ಎಂದು ಅವಳ ಮುಖ ಸಣ್ಣದಾಯಿತು. ಹೋದ ವರ್ಷದ ಬಾಳೆಹಣ್ಣಿನ ಟೆಂಪೊ ಕಣ್ಣ ಮುಂದೆ ಬಂತು.

ಅಷ್ಟು ಹೊತ್ತೂ ಕಂಬಕ್ಕೆ ಒರಗಿ ನೋಡುತ್ತಿದ್ದ ಭಾವ ಎದ್ದರು. ಅಕ್ಕನ ಗಂಡ, ನನಗಿಂತ ಎಂಟು ವರ್ಷ ದೊಡ್ಡವರು, ಕುರಿ ಹಿಂದೆ ನಡೆದೇ ಕೂದಲು ಬೆಳ್ಳಗಾದವರು. ಅಂದು ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ನನ್ನನ್ನು ನೋಡಲೆಂದೇ ಉಳಿದಿದ್ದರು.

“ಏನಪ್ಪ ಮೇಷ್ಟ್ರೇ, ಇನ್ನು ಎಷ್ಟೈತೆ?”

“ಹದಿನಾಲ್ಕು ಕಿಲೋಮೀಟರು ಭಾವ. ಮಾರಿಕಣಿವೆ ತನಕ. ಎರಡೂವರೆ ಒಳಗೆ ಮುಟ್ಟಬೇಕು.”

“ಇಷ್ಟೇನಾ? ನನ್ನ ಮೆಟ್ಟು ಹಾಕ್ಕಾ. ನಿನ್ನ ಬೂಟು ಇತ್ಲಾಗೆ ಕೊಡು. ಹೋಗಾಣ ನಡಿ.”

ಅವರ ಮೆಟ್ಟು ಟೈರಿನ ಅಡಿಯದು, ಅಗಲವಾಗಿತ್ತು, ನನ್ನ ಬಾತ ಕಾಲಿಗೆ ಹೇಳಿ ಮಾಡಿಸಿದಂತೆ ಕೂತಿತು. ಅವರ ಒಣಗಿದ ಕಾಲು ನನ್ನ ಬೂಟಿಗೆ ಸಲೀಸಾಗಿ ಹೋಯಿತು. ಸಾಕ್ಸ್ ಕೊಟ್ಟರೆ “ಬ್ಯಾಡ, ಸೆಖೆ” ಎಂದರು. ಎಲ್ಲವನ್ನೂ ಮೊದಲೇ ಯೋಚಿಸುವ ನನಗೆ ಆ ಗಳಿಗೆಯಲ್ಲಿ ಹೊಳೆಯದೆ ಹೋದದ್ದು ಒಂದು. ಬೂಟಿನ ಲೇಸಿಗೆ ಬೆರಳುದ್ದದ ಒಂದು ಪ್ಲಾಸ್ಟಿಕ್ ಚಿಪ್ ಕಟ್ಟಿತ್ತು. ಗುರಿಯಲ್ಲಿ ಹಾಸಿದ ಚಾಪೆಯ ಮೇಲೆ ಅದು ದಾಟಿದಾಗ ಯಂತ್ರ ನನ್ನ ಹೊತ್ತನ್ನು ಬರೆದುಕೊಳ್ಳುತ್ತದೆ. ಆ ಚಿಪ್ಪನ್ನು ಭಾವನ ಕಾಲಿಗೆ ಕಟ್ಟಿ ನಾನು ಹೊರಟಿದ್ದೆ.

ಭಾವ ಓಡಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು, ಕಂಕುಳಲ್ಲಿ ಕೋಲು ಸಿಕ್ಕಿಸಿಕೊಂಡು ನಡೆದರು. ಅವರ ಆ ನಡಿಗೆಗೆ ಸಮ ಬೀಳಲು ನಾನು ನಡುನಡುವೆ ಓಡಬೇಕಾಗುತ್ತಿತ್ತು. ನಾಲೆ ಏರಿಯ ಮೇಲೆ ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು. ನಾನು ಪ್ರತಿ ಮರದ ನೆರಳಿನಲ್ಲೂ ನಿಲ್ಲಲು ಕಾರಣ ಹುಡುಕುತ್ತಿದ್ದೆ. ಮೆಟ್ಟಿನ ಬಾರು ನೋಡಬೇಕು, ಉಸಿರು ಸರಿ ಮಾಡಿಕೊಳ್ಳಬೇಕು, ಭಾವನಿಗೆ ಸುಸ್ತಾಗಿರಬಹುದು.

“ಭಾವ, ಸುಸ್ತಾತಾ? ಒಂದ್ ನಿಮಿಷ ಕುಂತ್ಕಳ್ರಿ ಬೇಕಾದ್ರೆ.”

“ನಂಗೇನ್ ಆಗೈತೆ? ನಡಿ ಲೇ. ಗಬ್ಬದ ಕುರಿ ನಿನಗಿಂತ ಚೆನ್ನಾಗಿ ನಡೀತವೆ.”

ಹತ್ತು ಕಿಲೋಮೀಟರು ಹೀಗೆ ಬೈಸಿಕೊಂಡು ಬಂದೆ. ಇನ್ನು ನಾಲ್ಕು ಉಳಿದಾಗ ನನ್ನ ತೊಡೆಗಳು ಕೆಲಸ ಬಿಟ್ಟವು. ಭಾವ ನನ್ನನ್ನೂ ಬಿಸಿಲನ್ನೂ ಒಮ್ಮೆ ನೋಡಿದರು.

“ನೀನು ನಿಲ್ಲದಂಗೆ ಬರ್ತಿರು. ನಾನು ಮುಂದೆ ಹೋಗಿ ಅವರಿಗೆ ಹೇಳಿರ್ತೀನಿ, ನಮ್ಮೋನು ಬರ್ತವ್ನೆ, ಸ್ವಲ್ಪ ಹೊತ್ತು ಇರ್ರಪ್ಪ ಅಂತ.”

ನಮ್ಮಲ್ಲಿ ಬಸ್ಸು ಹಿಡಿಯುವುದೇ ಹೀಗೆ. ಮನೆಯಲ್ಲಿ ಚುರುಕು ಕಾಲಿನವರು ಮುಂದೆ ಓಡಿ ಡ್ರೈವರಿಗೆ ಹೇಳುತ್ತಾರೆ, ಉಳಿದವರು ಗಂಟುಮೂಟೆ ಹೊತ್ತು ಹಿಂದೆ ಬರುತ್ತಾರೆ, ಬಸ್ಸು ಕಾಯುತ್ತದೆ. ಓಟ ಕಾಯುವುದಿಲ್ಲ ಎಂದು ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ. ಭಾವ ಏರಿಯ ತಿರುವಿನಲ್ಲಿ ಮರೆಯಾದರು.

ನಾನು ಮಾರಿಕಣಿವೆಯ ಅಣೆಕಟ್ಟೆಯ ಕೆಳಗೆ ಗೆರೆ ದಾಟಿದಾಗ ಎರಡು ಗಂಟೆ ನಲವತ್ತನಾಲ್ಕು ನಿಮಿಷ. ಹದಿನಾಲ್ಕು ನಿಮಿಷ ತಡ. ಕುರ್ಚಿ ಮಡಚುತ್ತಿದ್ದರು. ಹೊತ್ತು ಬರೆಯುವ ಮೇಜಿನಲ್ಲಿದ್ದ ಹೆಣ್ಣುಮಗಳು ನನ್ನ ಎದೆಯ ನಂಬರು ನೋಡಿ, ಕಂಪ್ಯೂಟರು ನೋಡಿ, ನಕ್ಕಳು.

“ನಿಮ್ದು ಆಗಿದೆ ಸರ್. ಎರಡು ಇಪ್ಪತ್ನಾಲ್ಕಕ್ಕೆ. ಮೆಡಲ್ ಇಸ್ಕೊಂಡಿಲ್ವಾ?” ಎಂದು ಕೊರಳಿಗೆ ಹಾಕಿಯೇ ಬಿಟ್ಟಳು.

ಭಾವ ನೀರಿನ ಡ್ರಮ್ಮಿನ ಪಕ್ಕ ನಿಂತಿದ್ದರು. “ಹೇಳಿದ್ನಲ್ಲ, ಕಾಯ್ತಾರೆ ಅಂತ” ಎಂದರು. ಅವರು ಬಂದು ಚಾಪೆಯ ಮೇಲೆ ನಿಂತೇ ಅಲ್ಲಿದ್ದ ಹುಡುಗರ ಹತ್ತಿರ ನನ್ನ ಪರವಾಗಿ ಮಾತಾಡಿದ್ದರಂತೆ. ಯಂತ್ರ ಕುಯ್ ಎಂದಿದ್ದನ್ನು ಒಪ್ಪಿಗೆ ಎಂದುಕೊಂಡಿದ್ದರು.

ಆಗ ನನಗೆ ಚಿಪ್ಪಿನ ನೆನಪಾಯಿತು. ಒಂದು ಲೋಟ ಚಹಾ ಮುಗಿಯುವ ತನಕ ಮೆಡಲು ನನ್ನ ಕೊರಳಲ್ಲಿತ್ತು. ಅಷ್ಟರಲ್ಲಿ ಒಂದು ಫೋಟೊ ಕೂಡ ತೆಗೆಸಿಕೊಂಡೆ, ಮುಚ್ಚಿಡುವುದಿಲ್ಲ. ಆಮೇಲೆ ಹೋಗಿ ಎಲ್ಲವನ್ನೂ ಹೇಳಿದೆ. ಪ್ರಾಮಾಣಿಕತೆ ಎನ್ನಬಹುದಿತ್ತು. ಆದರೆ ಈ ಗುಟ್ಟು ಇಟ್ಟುಕೊಂಡು ಜೀವಮಾನವಿಡೀ ಚಿಂತೆ ಮಾಡುವ ಶಕ್ತಿ ನನಗೇ ಇಲ್ಲ ಎನಿಸಿತ್ತು. ಅವಳು ಪಾಪ, ನನಗಿಂತ ಹೆಚ್ಚು ನೊಂದುಕೊಂಡಳು. “ಹಾಗಾದ್ರೆ ನಿಮ್ಮ ಹೆಸರು ತೆಗೀಬೇಕಾಗುತ್ತೆ ಸರ್” ಎಂದು ಮೆಡಲು ವಾಪಸು ತೆಗೆದುಕೊಂಡಳು.

ಭಾವ ಬಂದು ಅವಳೊಡನೆ ಜಗಳಕ್ಕೆ ನಿಂತರು. “ಅವನೂ ನಡೆದವ್ನೆ, ನಾನೂ ನಡೆದೀನಿ. ಹದಿನಾಲ್ಕು ನಿಮಿಷ ಯಾವ ಲೆಕ್ಕಮ್ಮ?” ನಾನು ಭಾವನ ಕೈ ಹಿಡಿದು ಎಳೆದುಕೊಂಡು ಬಂದೆ. ಇಬ್ಬರೂ ಕಟ್ಟೆಯ ಮೆಟ್ಟಿಲ ಮೇಲೆ ಕೂತೆವು. ಐವತ್ತೂ ನಡೆದು ಮುಗಿಸಿದ್ದೇನೆ, ಟೆಂಪೊ ಹತ್ತಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಭಾವ ಬೂಟು ಬಿಚ್ಚಿದರು. ಎರಡೂ ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು ಒಡೆದು ಬೂಟಿನ ಒಳಗೆಲ್ಲ ರಕ್ತ. ಜೀವಮಾನವಿಡೀ ನಡೆದ ಕಾಲಿಗೆ ನನ್ನ ಬೂಟು ಒಂದೇ ಮಧ್ಯಾಹ್ನದಲ್ಲಿ ಈ ಗತಿ ತಂದಿತ್ತು.

“ಯಾವಾಗ ಆಯ್ತು ಭಾವ ಇದು?”

“ನಾಲೆ ಹತ್ತಿದ ಕೂಡ್ಲೆ.”

“ಹೇಳಬಾರದಾ?”

“ಹೇಳಿದ್ರೆ ನೀನು ನಿಂತುಬಿಡ್ತಿದ್ದೆ.”

ನಿಂತುಬಿಡುತ್ತಿದ್ದೆ. ಸಂತೋಷದಿಂದಲೇ ನಿಲ್ಲುತ್ತಿದ್ದೆ.