ಬಲಕ್ಕೆ ನೋಡುವ ಆನೆ

ನಮ್ಮ ಪಕ್ಕದ ಮನೆಯ ಯಜಮಾನರಿಗೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಅಂಗಡಿಯಿತ್ತು. ಕಾಯಿಯ ಮೇಲಿನ ಬಿಳಿಪುಡಿಯನ್ನು ಯಾರಾದರೂ ಒರೆಸಿದರೆ ಸಾಕು, "ಉಜ್ಜಬೇಡ್ರಪ್ಪಾ, ಬೆಲೆ ಹೋಗ್ತದೆ" ಅನ್ನುತ್ತಿದ್ದರು. ಮನೆಯಲ್ಲಿ ತಾವು ಕೂಡಿಟ್ಟ ಹಳೆಯ ತಾಮ್ರದ ನಾಣ್ಯಗಳನ್ನು ತೋರಿಸುವಾಗಲೂ ಅದೇ ಮಾತು. ಕಪ್ಪು ಹೋದರೆ ಕೊಳ್ಳುವವರಿಲ್ಲವಂತೆ. ಅವರ ನಾಣ್ಯಗಳಲ್ಲೆಲ್ಲ ಅಚ್ಚಾದ ಆನೆ ಎಡಕ್ಕೆ ನೋಡುತ್ತಿತ್ತು. ಬಲಕ್ಕೆ ನೋಡುವ ಒಂದು ಅವರಿಗೆ ಬೇಕಿತ್ತು.

"ಆನೆ ಯಾವ ಕಡೆ ನೋಡಿದ್ರೇನ್ರೀ?" ಎಂದು ಅವರ ಹೆಂಡತಿ ನಗುತ್ತಿದ್ದರು.

ಅಂಥದೊಂದು ಬಂದಿದೆಯೆಂದು ಬೆಂಗಳೂರಿನ ನಾಣ್ಯಗಳ ಹರಾಜಿಗೆ ನನ್ನನ್ನೂ ಕರೆದೊಯ್ದರು. ಮಂಡಿಯಲ್ಲಿ ಕಿಲೋಗೆ ಒಂದು ರೂಪಾಯಿ ಬಿಡದ ಮನುಷ್ಯ ಅಲ್ಲಿ ಎತ್ತಿದ ಕೈ ಇಳಿಸಲಿಲ್ಲ. ನೀಲಿ ಅಂಗಿ ತೊಟ್ಟಿದ್ದರು ಎನ್ನುತ್ತದೆ ನೆನಪು. ನಾನು ಅದನ್ನು ಅಷ್ಟಾಗಿ ನಂಬುವುದಿಲ್ಲ. ಬಲಕ್ಕೆ ನೋಡುವ ಆನೆಗೆ ಪೇಟೆ ಬೆಲೆಯ ಎರಡರಷ್ಟು ಕೊಟ್ಟಿದ್ದಂತೂ ನಿಜ.

"ಅಣ್ಣಾ, ನಾಳೆ ಮಾರಿದ್ರೆ ಅರ್ಧಾನೂ ಬರಲ್ಲ" ಎಂದ ಪಕ್ಕದಲ್ಲಿ ಕೂತಿದ್ದ ನಾಣ್ಯದ ವ್ಯಾಪಾರಿ. ಇವರು ನಾಣ್ಯವನ್ನು ಮಾವಿನ ಹಣ್ಣಿನಂತೆ ಮೂಗಿಗೆ ಹಿಡಿದರು.

ಮನೆಯಲ್ಲಿ ಹೆಂಡತಿ ಅದನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು. "ಎಲ್ರೀ ಆನೆ? ಬರೀ ಕಪ್ಪು ಕಾಣ್ತದೆ."

ಬೆರಳಿಟ್ಟು ತೋರಿಸಿದರೂ ಆಕೆಗೆ ಕಾಣಲಿಲ್ಲ. ಇವರು ಎದ್ದು ಹೋಗಿ ಅಡುಗೆಮನೆಯಿಂದ ಹುಣಸೆಹಣ್ಣು ತಂದರು.

"ಬೆಲೆ ಹೋಗ್ತದಲ್ವಾ?" ಎಂದೆ.

"ಹೋಗ್ಲಿ ಬಿಡೋ."

ಉಜ್ಜಿದರು. ನಾಣ್ಯ ಕೆಂಪಗೆ ಹೊಳೆಯಿತು.

"ಅಯ್ಯೋ, ಹೌದಲ್ರೀ! ಈ ಕಡೆ ನೋಡ್ತದೆ!" ಆಕೆ ಡಬ್ಬಿಯಿಂದ ಎಡಕ್ಕೆ ನೋಡುವ ಹಳೆಯ ನಾಣ್ಯವೊಂದನ್ನು ತೆಗೆದು ಅವರ ಮುಂದೆ ಚಾಚಿದರು. "ಇದನ್ನೂ ಉಜ್ರೀ. ಎರಡನ್ನೂ ಎದುರುಬದುರು ಇಡೋಣ."

ಎಂದಿನ "ಉಜ್ಜಬೇಡ" ಅನ್ನಲು ಅವರು ಬಾಯಿ ತೆರೆದರು. ಆಮೇಲೆ ಆ ನಾಣ್ಯವನ್ನೂ ಕೈಗೆ ತೆಗೆದುಕೊಂಡರು. ಹುಣಸೆಹಣ್ಣಿಗೆ ಇನ್ನಷ್ಟು ನೀರು ಹಾಕಿದರು.