ಧನಿಷ್ಠೆಯ ಚುಕ್ಕಿ ಕೆರೆದ ಸಾಲೇಹಾ

ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಗುಲಾಬ್ ಸಾಬರ ಫೋಟೋ ಸ್ಟುಡಿಯೋ ಇತ್ತು. ಸುತ್ತಿನ ಹಳ್ಳಿಗಳ ಹೆಣ್ಣುಮಕ್ಕಳ ಮುಖ ಗಂಡಿನ ಮನೆಗೆ ಹೋಗುವ ಮೊದಲು ಅಲ್ಲಿಗೆ ಹೋಗಬೇಕಿತ್ತು. ಕ್ಯಾಮೆರಾ ಹಿಡಿಯುತ್ತಿದ್ದವನು ಸಾಬರ ಮಗ ಶೌಕತ್ ಅಲಿ. ಆದರೆ ಫೋಟೋ ನೋಡಿ ಗಂಡಿನವರು ಒಪ್ಪಿದರೆ ಅದರಲ್ಲಿ ಅರ್ಧ ಪಾಲು ಶೌಕತನ ಹೆಂಡತಿ ಸಾಲೇಹಾಳದು. ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ಮಗಳ ಮುಖದಲ್ಲಿ ಊನವಿತ್ತೆಂದು ಒಪ್ಪಿಕೊಂಡಂತೆ.

ಸಾಲೇಹಾಳ ಕೆಲಸ ರೀಟಚಿಂಗ್. ತೊಳೆದು ಒಣಗಿಸಿದ ನೆಗೆಟಿವನ್ನು ಓರೆ ಡೆಸ್ಕಿನ ಮಬ್ಬು ಗಾಜಿನ ಮೇಲಿಟ್ಟು, ಕೆಳಗಿನ ಕನ್ನಡಿಯಿಂದ ಬೆಳಕು ಹಾಯಿಸಿ, ಭೂತಗನ್ನಡಿಯಲ್ಲಿ ನೋಡುತ್ತ ತಿದ್ದುವುದು. ನೆಗೆಟಿವಿನಲ್ಲಿ ಎಲ್ಲವೂ ತಿರುಗುಮುರುಗು. ಮುಖದ ಕಪ್ಪು ಕಲೆ ಅಲ್ಲಿ ತೆಳುವಾಗಿ ಕಾಣುತ್ತದೆ, ಅದನ್ನು ಸೂಜಿಯಂತೆ ಮಸೆದ ಪೆನ್ಸಿಲಿನಿಂದ ತುಂಬಬೇಕು. ಅಲ್ಲಿ ಕಪ್ಪು ಚುಕ್ಕಿಯಿದ್ದರೆ ಫೋಟೋದಲ್ಲಿ ಬಿಳಿ ಚುಕ್ಕಿಯಾಗುತ್ತದೆ, ಅದನ್ನು ಬ್ಲೇಡಿನ ತುದಿಯಿಂದ ಹದವಾಗಿ ಕೆರೆಯಬೇಕು. ತುಂಬಿದ್ದನ್ನು ಒರೆಸಬಹುದು. ಕೆರೆದದ್ದು ಹೋಯಿತೆಂದರೆ ಹೋಯಿತು.

ಅವಳು ಶಿರಾಳಕೊಪ್ಪದ ದರ್ಜಿಯೊಬ್ಬನ ಮಗಳು. ಮದುವೆಯಾಗಿ ಬಂದ ವರ್ಷವೇ ಮಾವ ಗುಲಾಬ್ ಸಾಬರ ಕಣ್ಣಿಗೆ ಪೊರೆ ಬರತೊಡಗಿತ್ತು. ಅವರು ಸೊಸೆ ಹಾಕಿದ ಕಸೂತಿಯನ್ನು ಬೆರಳಿನಿಂದ ಸವರಿ ನೋಡಿ, ಅವಳನ್ನು ತಮ್ಮ ಡೆಸ್ಕಿನ ಮುಂದೆ ಕೂರಿಸಿದರು. ನೆರೆಯವರು ಆಡಿಕೊಂಡಾಗ, "ಅವಳು ಒಳಗೆ ಕೂತು ಮಾಡೋ ಕೆಲಸ. ಕಣ್ಣಿಗೆ ಬೀಳ್ದಿದ್ದಕ್ಕೂ ನಿಮಗೆ ಕಣ್ಣುರಿ ಯಾಕ್ರಿ?" ಎಂದು ಕೇಳಿ ಬಾಯಿ ಮುಚ್ಚಿಸಿದರು.

ಅವರು ಕಲಿಸಿದ ಮೊದಲ ಪಾಠ ಮಚ್ಚೆಯದು. "ಮೊಡವೆ ಇವತ್ತು ಐತಿ, ನಾಳೆ ಇಲ್ಲ. ತೆಗಿ. ಸಿಡುಬಿನ ಕಲೆ ಆಮೇಲೆ ಬಂದದ್ದು. ತೆಗಿ. ಮಚ್ಚೆ ಮಾತ್ರ ಹುಟ್ಟಿನಿಂದ ಬಂದದ್ದು, ಅದಕ್ಕೆ ಕೈ ಹಚ್ಚಬ್ಯಾಡ. ಮಚ್ಚೆ ಹೋದ್ರೆ ಹುಡುಗೀನೇ ಬ್ಯಾರೆ ಆಗ್ತಾಳೆ."

ಇಷ್ಟು ಕಲಿತವಳು ತಪ್ಪು ಮಾಡಿದ್ದು ೧೯೭೬ರ ಮಾರ್ಚಿನಲ್ಲಿ.

ಆ ತಿಂಗಳು ಬೆಳಗಿನ ಜಾವ ಮೂಡಲ ದಿಕ್ಕಿನಲ್ಲಿ ಬಾಲದ ಚುಕ್ಕಿ ಕಾಣಿಸಿಕೊಂಡಿತ್ತು. ಸೊರಬದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದ ಜಗದಾಂಬ ತಮ್ಮ ಅಣ್ಣನ ಹಳೆಯ ಕ್ಯಾಮೆರಾ ಹಿಡಿದು ಗುಡವಿ ಕೆರೆಯ ಏರಿಗೆ ಹೋದರು. ಮಂಗನ ಕಾಯಿಲೆಯ ಕಾಲವಾದ್ದರಿಂದ ಕಾಡಂಚಿನ ಗುಡ್ಡ ಬೇಡವೆಂದು ಮನೆಯಲ್ಲಿ ತಡೆದಿದ್ದರು. ಕ್ಯಾಮೆರಾ ನಿಲ್ಲಿಸಲು ಸ್ಟ್ಯಾಂಡ್ ಇರಲಿಲ್ಲ. ತಂದೆ ಪರಮಶಿವಪ್ಪನವರ ಕಾಳಿನ ಅಂಗಡಿಯಿಂದ ಅರ್ಧ ಚೀಲ ಜೋಳ ತರಿಸಿ, ಏರಿಯ ಕಲ್ಲಿನ ಮೇಲಿಟ್ಟು, ಅದರೊಳಗೆ ಕ್ಯಾಮೆರಾವನ್ನು ಅಲುಗದಂತೆ ಹುಗಿದು, ಒಂದೊಂದು ಚಿತ್ರಕ್ಕೂ ಅದರ ಕಣ್ಣು ತುಸು ಹೊತ್ತು ತೆರೆದಿಟ್ಟು ತೆಗೆದರು. ಕೊನೆಗೆ ಫಿಲ್ಮಿನ ಸುರುಳಿಯನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ ಶಿಕಾರಿಪುರಕ್ಕೆ ಬಂದರು.

"ಬಾಲದ ಚುಕ್ಕಿ ಬಂದ್ರೆ ಅರಸರಿಗೆ ಕೇಡು ಅಂತಾರಲ್ರೀ ಅಕ್ಕೋರೆ," ಎಂದರು ಬೆಂಚಿನ ಮೇಲೆ ಕೂತಿದ್ದ ಗುಲಾಬ್ ಸಾಬರು.

"ಈಗ ಅರಸರು ಎಲ್ಲಿದಾರೆ ಸಾಬ್ರೆ? ಅವರ ಪಿಂಚಣಿನೂ ನಿಲ್ಲಿಸಿ ಆಯ್ತು."

"ಹಂಗಾರೆ ಪಾಪ, ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್ ಹೋಗ್ಬೇಕು ಅದು."

ಜಗದಾಂಬ ನಗಲಿಲ್ಲ. ತಮ್ಮ ತರಗತಿಯ ಮಕ್ಕಳಲ್ಲಿ ಮುಕ್ಕಾಲು ಪಾಲು ಆ ಚುಕ್ಕಿಯನ್ನು ನೋಡಿಯೇ ಇಲ್ಲವೆಂದೂ, ಕೇಡೆಂದು ಮನೆಯವರು ಕದ ಹಾಕಿ ಮಲಗಿಸಿದ್ದರೆಂದೂ ಹೇಳಿದರು. ಒಂದು ದೊಡ್ಡ ಚಿತ್ರ ಮಾಡಿಸಿ ಬೇಸಗೆ ರಜೆಗೆ ಮೊದಲು ಶಾಲೆಯ ಗೋಡೆಗೆ ಹಾಕಬೇಕು. "ಇರೋದ್ರಲ್ಲಿ ಚೆನ್ನಾಗಿರೋದನ್ನ ಆರಿಸಿ ಮಾಡಿ. ಶನಿವಾರ ಬರ್ತೀನಿ."

ಫಿಲ್ಮ್ ತೊಳೆದಾಗ ಅರ್ಧಕ್ಕರ್ಧ ಮಂಜು. ಬಾಲದ ಚುಕ್ಕಿ ನೆಟ್ಟಗೆ ಕಂಡದ್ದು ಆರು ಚಿತ್ರಗಳಲ್ಲಿ. ಅದು ಕತ್ತಲಲ್ಲಿ ತೆಗೆಯಲೆಂದು ತಂದ, ಮಂದ ಬೆಳಕನ್ನೂ ಹಿಡಿಯುವ ಚುರುಕು ಫಿಲ್ಮ್. ಚುರುಕು ಹೆಚ್ಚಿದಷ್ಟೂ ಅದರ ಕಣ ದಪ್ಪ. ಶೌಕತ್ ಅದನ್ನು ತೊಳೆಯುವ ಔಷಧದಲ್ಲಿ ಹೆಚ್ಚು ಹೊತ್ತು ಬಿಟ್ಟಿದ್ದರಿಂದ ಆಕಾಶದ ತುಂಬ ಉಪ್ಪಿಟ್ಟಿನ ರವೆ ಚೆಲ್ಲಿದಂತಿತ್ತು. ಆರರಲ್ಲಿ ಒಂದನ್ನು ಆರಿಸಿ ಹೆಂಡತಿಗೆ ಕೊಟ್ಟ. "ಇದೊಂದೇ ಕಣ್ಣಿಗೆ ಹಿಡಿಸಂಗೈತಿ. ಕ್ಲೀನ್ ಮಾಡು."

ಸಾಲೇಹಾ ಆ ಬಾಲದ ಚುಕ್ಕಿಯನ್ನು ಕಂಡಿರಲಿಲ್ಲ. ಅವಳ ಗಾಜಿನ ಮೇಲೆ ಕಂಡದ್ದು ಕಾಡಿಗೆ ತೀಡಿದಂಥ ಒಂದು ಬಾಲ, ಅದರ ಸುತ್ತ ನೂರಾರು ಚುಕ್ಕಿ. ಮದುವಣಗಿತ್ತಿಯ ಕೆನ್ನೆಗೆ ತೋರುವ ಶ್ರದ್ಧೆಯಿಂದಲೇ ಕೂತು, ಎದ್ದು ಕಾಣುವ ಚುಕ್ಕಿಗಳನ್ನೆಲ್ಲ ಒಂದೊಂದಾಗಿ ಕೆರೆದಳು. ಬಾಲದ ಪಕ್ಕದಲ್ಲಿ ನಾಲ್ಕೈದು ಚುಕ್ಕಿ ಒತ್ತಾಗಿ ಗುಂಪುಗೂಡಿದ್ದವು. ಧೂಳು ಬಿದ್ದಿದೆಯೆಂದು ಅವನ್ನೂ ಸಾಫು ಮಾಡಿದಳು.

ಶನಿವಾರ ಜಗದಾಂಬ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. ಪರದೆಯ ಒಳಗಿದ್ದ ಸಾಲೇಹಾಳಿಗೆ ಮಾತೆಲ್ಲ ಕೇಳುತ್ತಿತ್ತು.

"ಇಲ್ಲಿ ಧನಿಷ್ಠೆ ಇರಬೇಕಿತ್ತಲ್ರೀ. ಸಣ್ಣ ಚುಕ್ಕಿಗಳ ಗುಂಪು. ಎಂತ ಆಯ್ತು ಅದು?"

"ಫಿಲ್ಮೇ ಹಂಗಿತ್ತು ಅಕ್ಕೋರೆ," ಎಂದ ಶೌಕತ್.

"ನಕ್ಷತ್ರನೇ ಇಲ್ದಿದ್ರೆ ಇದು ಗೋಡೆಗೆ ಸುಣ್ಣ ಮೆತ್ತಿದ ಹಾಗಿದೆ. ದಿನಾ ಇರೋ ನಕ್ಷತ್ರದ ಮಧ್ಯೆ ಅದು ಸುಮ್ಮನೆ ಹಾದು ಹೋಯ್ತು, ಯಾವುದನ್ನೂ ನುಂಗಲಿಲ್ಲ ಅಂತ ಮಕ್ಕಳಿಗೆ ತೋರಿಸೋದಕ್ಕೇ ನಾನು ತೆಗೆದಿದ್ದು."

ಸಾಲೇಹಾ ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಗೆ ಬಂದಳು. "ಫಿಲ್ಮಿನ ತಪ್ಪಲ್ಲ ಅಕ್ಕೋರೆ. ಚುಕ್ಕಿ ಇದ್ವು. ಧೂಳು ಅಂದ್ಕೊಂಡು ನಾನೇ ಕೆರೆದೆ."

ಗುಲಾಬ್ ಸಾಬರು ಬೆಂಚಿನಿಂದಲೇ ಅಂದರು: "ಮಚ್ಚೆ ಕೆರೆದ್ಯಲ್ಲವ್ವಾ."

"ಮಚ್ಚೆ ಅಂತ ಗೊತ್ತಾಗ್ಲಿಲ್ಲ ಮಾವ."

ಜಗದಾಂಬ ಬೈಯಲಿಲ್ಲ. ಆ ಬಾಲದ ಚುಕ್ಕಿ ಇನ್ನು ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಬರುವುದಿಲ್ಲ ಎಂದಷ್ಟೇ ಹೇಳಿ, ಉಳಿದ ನೆಗೆಟಿವ್‌ಗಳನ್ನು ಮುಂದಿನ ಶನಿವಾರ ಒಯ್ಯುತ್ತೇನೆಂದು ಹೋದರು. ಬೈದಿದ್ದರೆ ಸಾಲೇಹಾಳಿಗೆ ಹಗುರವಾಗುತ್ತಿತ್ತು.

ಬೈದವನು ಶೌಕತ್. "ನಾನು ಹೆಂಗೋ ಮುಚ್ಚಿದ್ದೆ, ನೀನು ಬೀದಿಗೆ ಹರಡಿದೆ. ಸೊರಬದಾಗೆ ಸುದ್ದಿ ಆದ್ರೆ ನಮ್ಮ ಕೈಗೆ ನೆಗೆಟಿವ್ ಯಾರು ಕೊಡ್ತಾರೆ? ಇನ್ನು ಮ್ಯಾಲೆ ರೀಟಚಿಂಗ್ ಕೆಲಸ ಶಿವಮೊಗ್ಗಕ್ಕೆ ಕಳಿಸ್ತೀನಿ. ನೀನು ಡೆಸ್ಕಿಗೆ ಕೂರಬ್ಯಾಡ."

ಸಾಲೇಹಾಳಿಗೆ ಆ ಡೆಸ್ಕು ಬಿಟ್ಟರೆ ತನ್ನದೆನ್ನುವ ಜಾಗ ಆ ಮನೆಯಲ್ಲಿ ಬೇರೆ ಇರಲಿಲ್ಲ. ಒಲೆ ಅತ್ತೆಯದು, ಅಂಗಡಿ ಗಂಡನದು. ಅವಳು ಎದುರಾಡಲಿಲ್ಲ. "ಶನಿವಾರದ ತನಕ ಬಿಡಿ. ಅವರ ಚಿತ್ರ ಸರಿ ಮಾಡಿಕೊಟ್ಟು ಏಳ್ತೀನಿ."

"ಸರಿ ಮಾಡೋದೇನು? ಪೆನ್ಸಿಲ್ ತಗಂಡು ನಾಕು ಚುಕ್ಕಿ ಇಡು. ನೆಗೆಟಿವ್‌ನಾಗೆ ಕರಿ ಚುಕ್ಕಿ ಇಟ್ರೆ ಫೋಟೋದಾಗೆ ನಕ್ಷತ್ರ. ಆಕಾಶಕ್ಕೆ ಹೋಗಿ ಎಣಿಸಿ ಬರೋರು ಯಾರು?"

ಅವಳಿಗೆ ಆ ಉಪಾಯ ಮೊದಲೇ ಹೊಳೆದಿತ್ತು. ಪೆನ್ಸಿಲನ್ನು ಮಸೆದೂ ಇಟ್ಟಿದ್ದಳು. ಆದರೆ ಎಲ್ಲಿ ಇಡಬೇಕು? ಉಳಿದ ಐದು ನೆಗೆಟಿವ್ ನೋಡಿದರೆ ಯಾವುದು ನಕ್ಷತ್ರ, ಯಾವುದು ರವೆ ಎಂದು ತಿಳಿಯುವಂತಿರಲಿಲ್ಲ. ಊಟಕ್ಕೆ ಬಡಿಸುತ್ತ ಮಾವನ ಮುಂದೆ ಅದನ್ನೇ ಹೇಳಿಕೊಂಡಳು.

ಗುಲಾಬ್ ಸಾಬರು ಒಂದು ಕಾಲಕ್ಕೆ ಮಸೀದಿಯಲ್ಲಿ ಈದಿನ ಚಂದ್ರನನ್ನು ಕಂಡವರ ಸಾಕ್ಷಿ ಕೇಳುವ ಹಿರಿಯರ ಜೊತೆ ಕೂರುತ್ತಿದ್ದರು. ರೊಟ್ಟಿ ಮುರಿಯುತ್ತ ಹೇಳಿದರು: "ಆಕಾಶ ತಿಳಿಯಾಗಿದ್ದ ದಿನ ಒಬ್ಬನೇ ಬಂದು ಚಾಂದ್ ಕಂಡೆ ಅಂದ್ರೆ ನಾವು ಒಪ್ತಿರಲಿಲ್ಲ. ಸುಳ್ಳ ಅಂತಲ್ಲ. ಕಣ್ಣಾಗೆ ನೀರು ಬಂದ್ರೂ ಚಾಂದ್ ಕಂಡಂಗಾಗ್ತದೆ. ಹತ್ತು ಮಂದಿ ಕಣ್ಣಾಗೆ ಒಂದೇ ಜಾಗಕ್ಕೆ ನೀರು ಬರಲ್ಲ. ನಿನ್ನ ಮುಂದೆ ಐದು ಸಾಕ್ಷಿ ಬಂದವ್ರೆ. ಒಬ್ಬೊಬ್ಬರನ್ನೇ ಬ್ಯಾರೆ ಕೂರಿಸಿ ಕೇಳು."

ಸಾಲೇಹಾ ಪೆನ್ಸಿಲನ್ನು ಡಬ್ಬಿಗೆ ಹಾಕಿದಳು. ಕಸೂತಿಯ ಚಿತ್ರ ಎತ್ತುವ ತೆಳು ಕಾಗದ ಅವಳ ಬಳಿ ಇತ್ತು. ಎನ್‌ಲಾರ್ಜರಿನಲ್ಲಿ ಒಂದೊಂದು ನೆಗೆಟಿವ್ ಇಟ್ಟು ದೊಡ್ಡದು ಮಾಡಿ, ಬೇರೆ ಬೇರೆ ಹಾಳೆಯ ಮೇಲೆ ಕಂಡ ಚುಕ್ಕಿಗಳನ್ನೆಲ್ಲ ಗುರುತು ಹಾಕಿದಳು. ಆಮೇಲೆ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದಳು. ಚಿತ್ರದ ಅಡಿಯಲ್ಲಿ ಕೆರೆಯಂಚಿನ ಅತ್ತಿಮರವೊಂದಿತ್ತು. ಆ ಮರಕ್ಕೆ ಮರ ಕೂಡಿಸಿ ನೋಡಿದರೆ ಒಂದೇ ಒಂದು ಚುಕ್ಕಿಯೂ ಇನ್ನೊಂದರ ಮೇಲೆ ಕೂರಲಿಲ್ಲ. ಐದು ಸಾಕ್ಷಿಗಳು ಐದು ಮಾತಾಡಿದವು. ಅವಳು ಎರಡನೆಯ ಸಲ ಹಾಳೆ ಬರೆದಳು, ಮೂರನೆಯ ಸಲವೂ ಬರೆದಳು. ಶೌಕತ್ ಬಾಗಿಲಲ್ಲಿ ನಿಂತು ನೋಡಿ ಹೋದ. ಮೇಜಿನ ಮೇಲೆ ಶಿವಮೊಗ್ಗಕ್ಕೆ ಕಳಿಸಬೇಕಾದ ಹುಡುಗಿಯೊಬ್ಬಳ ನೆಗೆಟಿವ್ ಕಾಗದ ಸುತ್ತಿಸಿಕೊಂಡು ತಯಾರಾಗಿತ್ತು.

ಶನಿವಾರ ಜಗದಾಂಬ ಬಂದಾಗ ಅವಳು ನೆಗೆಟಿವ್‌ಗಳ ಜೊತೆ ಆ ಹಾಳೆಗಳನ್ನೂ ಮುಂದಿಟ್ಟಳು. "ಕೂಡಿಸಕ್ಕೆ ನೋಡಿದೆ ಅಕ್ಕೋರೆ. ಕೂಡಲಿಲ್ಲ."

ಜಗದಾಂಬ ಹಾಳೆಗಳನ್ನು ಎತ್ತಿ ಕಿಟಕಿಗೆ ಹಿಡಿದರು. ಅವರು ನಕ್ಕದ್ದನ್ನು ಆ ಮನೆಯವರು ನೋಡಿದ್ದು ಅದೇ ಮೊದಲು. "ಮರ ಯಾಕೆ ಹಿಡಿದ್ರಿ?"

"ಮರ ನಿಂತಲ್ಲೇ ನಿಂತಿರ್ತದಲ್ರೀ. ಬಾಲದ ಚುಕ್ಕಿ ಚಿತ್ರದಿಂದ ಚಿತ್ರಕ್ಕೆ ಮೇಲೆ ಹೋಗಿತ್ತು. ಅಲೆಯೋ ಚುಕ್ಕಿ, ಅದನ್ನ ಹೆಂಗೆ ನಂಬೋದು?"

"ಮರ ನಿಂತಿರ್ತದೆ, ಆಕಾಶ ನಿಲ್ಲಲ್ಲ. ಒಂದು ಚಿತ್ರ ತೆಗೆದು ಇನ್ನೊಂದು ತೆಗೆಯೋದ್ರೊಳಗೆ ಇಡೀ ಆಕಾಶ ಮೇಲೇರಿರ್ತದೆ, ಬಾಲದ ಚುಕ್ಕಿನೂ ಅದರ ಜೊತೆಗೇ. ಅದರ ತಲೆಗೆ ತಲೆ ಕೂಡಿಸಿ, ಸ್ವಲ್ಪ ತಿರುಗಿಸಿ ನೋಡಿ."

ಸಾಲೇಹಾ ಹಾಳೆಗಳನ್ನು ಸರಿಸಿದಳು. ತಲೆಗಳು ಕೂಡಿದವು. ತುಸು ತಿರುಗಿಸಿದಳು. ಬಾಲದ ಪಕ್ಕದಲ್ಲಿ, ಅವಳು ಧೂಳೆಂದು ಕೆರೆದಿದ್ದ ಜಾಗದಲ್ಲೇ, ಐದೂ ಹಾಳೆಯ ಚುಕ್ಕಿಗಳು ಒಂದರ ಮೇಲೊಂದು ಬಂದು ಕೂತವು. ಉಳಿದ ನೂರಾರು ಗುರುತುಗಳು ಮಾತ್ರ ಯಾವುದಕ್ಕೆ ಯಾವುದೂ ಕೂಡದೆ ಚೆದುರಿಕೊಂಡೇ ಇದ್ದವು.

"ಇವು ಮಚ್ಚೆ," ಎಂದಳು ಸಾಲೇಹಾ. "ಬಾಕಿ ಎಲ್ಲಾ ಮೊಡವೆ."

ಪೆನ್ಸಿಲಿನ ಮಾತು ಮತ್ತೆ ಬರಲಿಲ್ಲ. ಐದು ನೆಗೆಟಿವನ್ನೂ ಒಂದೇ ಕಾಗದದ ಮೇಲೆ ಅಚ್ಚು ಹಾಕಬಾರದೇಕೆ ಎಂದು ಕೇಳಿದವಳು ಸಾಲೇಹಾ. ಹಾಗಾದರೆ ಒಂದು ನೆಗೆಟಿವಿಗೆ ಕೊಡುವ ಬೆಳಕನ್ನು ಐದು ಪಾಲು ಮಾಡಬೇಕು ಎಂದವರು ಜಗದಾಂಬ. ಮಧ್ಯಾಹ್ನ ಕರೆಂಟು ಬಂದ ಮೇಲೆ ಇಬ್ಬರೂ ಡಾರ್ಕ್ ರೂಮಿನ ಕದ ಹಾಕಿಕೊಂಡರು. ಫೋಟೋ ಕಾಗದದ ಮೇಲೆ ಅದೇ ಅಳತೆಯ ರಟ್ಟು ಮುಚ್ಚಿ, ರಟ್ಟಿನ ಮೇಲೆ ಧನಿಷ್ಠೆಯ ಗುರುತು ಹಾಕಿದ್ದರು. ನೆಗೆಟಿವಿನ ಚುಕ್ಕಿಗಳು ಆ ಗುರುತಿಗೆ ಬರುವಂತೆ ಕಾಗದವಿಟ್ಟ ಹಲಗೆ ಸರಿಸುವುದು, ಎನ್‌ಲಾರ್ಜರಿನ ದೀಪ ಆರಿಸುವುದು, ರಟ್ಟು ತೆಗೆಯುವುದು, ಜಗದಾಂಬ ಎಣಿಸುವಷ್ಟು ಹೊತ್ತು ಬೆಳಕು ಬಿಡುವುದು, ಮತ್ತೆ ರಟ್ಟು ಮುಚ್ಚುವುದು. ಹೀಗೆ ಐದು ಸಲ. ಮೊದಲ ಎರಡು ಕಾಗದ ಕೆಟ್ಟವು. ಒಂದರಲ್ಲಿ ಸಾಲೇಹಾಳ ಬಳೆ ತಗುಲಿ ಹಲಗೆ ಸರಿಯಿತು. ಅವಳು ಬಳೆ ತೆಗೆದಿಟ್ಟಳು.

"ಮರ ಮಸುಕಾಗ್ತದೆ ಅಕ್ಕೋರೆ. ಐದು ಸಲ ಐದು ಜಾಗಕ್ಕೆ ಬೀಳ್ತದೆ."

"ಆಗ್ಲಿ ಬಿಡಿ. ಅತ್ತಿಮರ ನೋಡಕ್ಕೆ ಯಾರೂ ಬರಲ್ಲ."

"ನಮ್ಮ ಅಂಗಡಿಯಿಂದ ಮಸುಕು ಮರ ಹೋಗಲ್ಲ," ಎಂದಳು ಸಾಲೇಹಾ. ಮರದ ಪಾಲಿನ ಬೆಳಕನ್ನೆಲ್ಲ ಮೊದಲ ನೆಗೆಟಿವಿನಿಂದಲೇ ಕೊಟ್ಟು, ಉಳಿದ ನಾಲ್ಕು ಸಲವೂ ಅಷ್ಟು ಭಾಗಕ್ಕೆ ಕೈಯಲ್ಲಿ ರಟ್ಟಿನ ಚೂರು ಅಡ್ಡ ಹಿಡಿದಳು.

ಮೂರನೆಯ ಕಾಗದ ಔಷಧದ ತಟ್ಟೆಯಲ್ಲಿ ನಿಧಾನವಾಗಿ ಮೂಡಿತು. ಒಂದು ನೆಗೆಟಿವಿನ ರವೆ ಬಿದ್ದಲ್ಲಿ ಇನ್ನೊಂದರ ರವೆ ಬಿದ್ದಿರಲಿಲ್ಲ. ಎಲ್ಲ ಸೇರಿ ಆಕಾಶ ಜರಡಿ ಹಿಡಿದ ಹಿಟ್ಟಿನಂತೆ ನುಣುಪಾಗಿತ್ತು. ನಕ್ಷತ್ರಗಳು ಐದು ಸಲವೂ ಅದೇ ಜಾಗಕ್ಕೆ ಬಿದ್ದು ಬೆಳ್ಳಗೆ ಉಳಿದಿದ್ದವು. ಬಾಲದೊಳಗೆ ಬೀಸಣಿಗೆಯ ಕಡ್ಡಿಗಳಂಥ ಗೀರುಗಳು ಕಂಡವು. ಬಿಡಿ ನೆಗೆಟಿವ್‌ಗಳಲ್ಲಿ ಅವು ರವೆಯಡಿ ಹೂತುಹೋಗಿದ್ದವು.

ಧನಿಷ್ಠೆಯ ಆಚೆ ಇನ್ನೊಂದು ಮಂಕು ಚುಕ್ಕಿಯಿತ್ತು. ಸಾಲೇಹಾ ಅದನ್ನು ಯಾವ ಹಾಳೆಯಲ್ಲೂ ಗುರುತಿಸಿರಲಿಲ್ಲ. ಬೆರಳು ಮುಂದೆ ಮಾಡಿ, ಮುಟ್ಟದೆ ಹಿಂದಕ್ಕೆಳೆದುಕೊಂಡಳು. "ಇದು ಧೂಳೋ, ನಕ್ಷತ್ರವೋ?"

ಜಗದಾಂಬ ಹೊರಗೆ ಬಂದು ಕೈಚೀಲದಿಂದ ನಕ್ಷತ್ರಪಟ ತೆಗೆದು ಹರಡಿದರು. ಅಲ್ಲಿ ಆ ಜಾಗದಲ್ಲಿ ಒಂದು ಸಣ್ಣ ಚುಕ್ಕಿ ಇತ್ತು.

ಶೌಕತ್ ಒದ್ದೆ ಫೋಟೋವನ್ನು ಬಹಳ ಹೊತ್ತು ನೋಡಿದ. ಕಣ್ಣು ಕಾಣದ ಗುಲಾಬ್ ಸಾಬರು, "ಸಾಕ್ಷಿ ಏನಂತವೆ?" ಎಂದು ಕೇಳಿದರು.

"ಎಲ್ಲಾ ಒಂದೇ ಮಾತು ಹೇಳ್ತವೆ ಅಬ್ಬಾ," ಎಂದ ಅವನು. "ಇನ್ನೊಂದು ಕಾಪಿ ತೆಗಿ ಸಾಲೇಹಾ. ನಮ್ಮ ಗೋಡೆಗೂ ಒಂದಿರ್ಲಿ."

ಸೊರಬದ ಶಾಲೆಯಲ್ಲಿ ಆ ಚಿತ್ರ ರಜೆಗೆ ಮೊದಲೇ ಗೋಡೆಗೆ ಏರಿತು. ಕದ ಹಾಕಿ ಮಕ್ಕಳನ್ನು ಮಲಗಿಸಿದ್ದ ತಾಯಂದಿರಲ್ಲಿ ಕೆಲವರು ಬಂದು ನೋಡಿ, ಇಷ್ಟೇನಾ ಎಂದು ಹೋದರಂತೆ. ಜಗದಾಂಬರಿಗೆ ಬೇಕಾದದ್ದೂ ಅಷ್ಟೇ.

ಇತ್ತ ಅಂಗಡಿಯಲ್ಲಿ, ಆ ಶನಿವಾರ ಕಳೆದು ಸೋಮವಾರ ಬೆಳಿಗ್ಗೆ ಸಾಲೇಹಾ ರೊಟ್ಟಿ ಬಡಿದು ಕೈ ತೊಳೆದು ಬಂದಾಗ ಶಿವಮೊಗ್ಗಕ್ಕೆ ಹೋಗಬೇಕಿದ್ದ ಪೊಟ್ಟಣ ಬಿಚ್ಚಿತ್ತು. ನೆಗೆಟಿವ್ ಅವಳ ಗಾಜಿನ ಮೇಲಿತ್ತು. ಶೌಕತ್ ಆ ಕಡೆ ತಿರುಗಿ ಕ್ಯಾಮೆರಾ ಒರೆಸುತ್ತಿದ್ದ. ಭೂತಗನ್ನಡಿ ಹಿಡಿದು ನೋಡಿದಳು. ಹುಡುಗಿಯ ಗಲ್ಲದ ಮೇಲೆ ಒಂದು ಸಣ್ಣ ಗುರುತಿತ್ತು, ಮಚ್ಚೆಯೋ ಫಿಲ್ಮಿನ ಕಲೆಯೋ ಹೇಳುವಂತಿರಲಿಲ್ಲ. ಅವಳು ಬ್ಲೇಡನ್ನೂ ಪೆನ್ಸಿಲನ್ನೂ ಮುಟ್ಟದೆ ಪರದೆ ಸರಿಸಿ ಹೊರಗೆ ಬಂದಳು. ಹುಡುಗಿಯ ತಾಯಿ, ಈಸೂರಿನ ಮಹಾದೇವಮ್ಮ, ಬೆಂಚಿನ ಮೇಲೆ ಫೋಟೋಗಾಗಿ ಕಾಯುತ್ತ ಕೂತಿದ್ದಳು.

"ಮಗಳದು ಇನ್ನೊಂದು ಫೋಟೋ ಐತೇನ್ರಿ? ಹಳೇದಾದ್ರೂ ಆದೀತು."

"ಇನ್ನೊಂದ್ಯಾಕವ್ವಾ? ಮುಖ ಒಂದೇ ಅಲ್ವಾ ಇರೋದು?"

"ಮುಖ ಒಂದೇ. ಸಾಕ್ಷಿ ಎರಡು ಬೇಕು," ಎಂದಳು ಸಾಲೇಹಾ. "ಇಲ್ದಿದ್ರೆ ಮಗಳನ್ನೇ ಕರ್ಕಂಡು ಬನ್ನಿ, ಇನ್ನೊಂದು ತೆಗೀತಾರೆ. ಅಲ್ಲಿ ತನಕ ನಾನು ಕೈ ಹಚ್ಚಲ್ಲ."

ಮಹಾದೇವಮ್ಮ ಗೊಣಗುತ್ತ ಎದ್ದಳು. ಮರುದಿನ ಮಗಳನ್ನು ಕರೆದುಕೊಂಡು ಬಂದಳು. ಹಳೆಯ ನೆಗೆಟಿವಿನಲ್ಲೂ ಹೊಸದರಲ್ಲೂ ಗುರುತು ಅದೇ ಜಾಗದಲ್ಲಿತ್ತು. ಸಾಲೇಹಾ ಅದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ತಿದ್ದಿದಳು.