ಖಾಲಿ ವ್ಯಾಗನ್‌ಗೆ ಮೊದಲ ದಾರಿ

ಧಾನ್ಯ ರಫ್ತಿನ ಸಾಮರ್ಥ್ಯವನ್ನು ಎಲ್ಲರೂ ತುಂಬಿದ ವ್ಯಾಗನ್‌ಗಳಲ್ಲಿ ಅಳೆಯುತ್ತಿದ್ದ ಕಾಲದಲ್ಲಿ, ಮರಳಿ ಹೋಗುವ ಖಾಲಿ ವ್ಯಾಗನ್‌ಗಳ ಮೇಲೆ ಕಣ್ಣಿಟ್ಟವರು ನಮ್ಮ ಬಂದರಿನ ರೈಲು ಯಾರ್ಡಿನ ಮುಖ್ಯಾಧಿಕಾರಿಗಳು. ಈ ತಿಂಗಳು ನಿವೃತ್ತರಾಗುತ್ತಿರುವ ಅವರನ್ನು ಹಮಾಲರಿಂದ ಹಿಡಿದು ಹಡಗಿನ ಏಜೆಂಟರವರೆಗೆ ಎಲ್ಲರೂ ಕರೆಯುವುದು ‘ಖಾಲಿಯಕ್ಕ’ ಎಂದೇ. ಬೆಳಿಗ್ಗೆ ಕಚೇರಿಗೆ ಕಾಲಿಟ್ಟೊಡನೆ "ಖಾಲಿ ಎಷ್ಟು ಹೊರಟ್ವು?" ಎಂದು ಕೇಳಿದ ಮೇಲೆಯೇ ಕೈಚೀಲ ಕೆಳಗಿಡುವವರು ಅವರು. ಆ ಹೆಸರು ಅವರಿಗೂ ಗೊತ್ತು, ಬೇಸರವೇನಿಲ್ಲ.

ಸಿಗ್ನಲ್ ವಿಭಾಗದಲ್ಲಿ ಸಹಾಯಕಿಯಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಅವರು ಯಾರ್ಡಿನ ಹೊಣೆ ಹೊತ್ತ ವರ್ಷವೇ, ರೈತರ ಸಹಕಾರ ಸಂಘವೊಂದು ಮೊದಲ ಬಾರಿಗೆ ತನ್ನ ಮೆಕ್ಕೆಜೋಳವನ್ನು ಹೊರದೇಶಕ್ಕೆ ಕಳುಹಿಸಲು ಹೊರಟಿತ್ತು. ಹಡಗು ಸಂಜೆಗೆ ಹೊರಡುವುದಿತ್ತು. ತಪ್ಪಿದರೆ ಕೊಳ್ಳುವವರು ಮತ್ತೆ ಸಂಘದತ್ತ ತಿರುಗಿಯೂ ನೋಡುವವರಲ್ಲ. ಅಂಥ ದಿನ, ಆ ಮಾಲುಗಾಡಿಯನ್ನು ಬಂದರಿಗೆ ಒಂದು ನಿಲ್ದಾಣ ಹಿಂದೆಯೇ ಅಕ್ಕ ನಿಲ್ಲಿಸಿಬಿಟ್ಟರು.

ಸಂಘದ ಅಧ್ಯಕ್ಷರು ಕೆಂಡಾಮಂಡಲವಾಗಿ ಕಚೇರಿಗೆ ನುಗ್ಗಿದರು. "ಬಾಗಿಲ ತನಕ ಬಂದಿರೋ ಗಾಡೀನ ತಡೆದಿದ್ದೀರಲ್ಲಮ್ಮಾ, ನಮ್ಮವರಿಗೆ ನಾನು ಯಾವ ಮುಖ ತೋರಿಸ್ಲಿ?"

ಅಕ್ಕ ಅವರನ್ನು ಕಿಟಕಿಯ ಬಳಿ ಕರೆದರು. ಕೆಳಗೆ ಯಾರ್ಡಿನಲ್ಲಿ, ಸರಕು ಇಳಿಸಿ ಮುಗಿದ ವ್ಯಾಗನ್‌ಗಳು ಹೊರಬರಲಾರದೆ, ತುಂಬಿದವು ಒಳಹೋಗಲಾರದೆ ಎದುರುಬದುರು ನಿಂತಿದ್ದವು.

"ನಿಮ್ಮದನ್ನೂ ಒಳಗೆ ಬಿಟ್ರೆ ಯಾವುದೂ ಅಲ್ಲಾಡಲ್ಲ ಅಣ್ಣಾ. ಮೊದ್ಲು ಖಾಲಿ ಹೊರಗೆ ಹೋಗ್ಲಿ, ಆಮೇಲೆ ನಿಮ್ಮದು ನೇರ ಹಡಗಿನ ಪಕ್ಕಕ್ಕೇ ಬರುತ್ತೆ. ಬರದಿದ್ರೆ ನಿಮ್ಮವರ ಮುಂದೆ ನಾನೇ ಬಂದು ನಿಲ್ತೀನಿ."

ಮೇಲಧಿಕಾರಿಗಳ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿದ್ದರೂ ಜಗ್ಗದೆ, ತಮ್ಮ ಬುತ್ತಿಯಲ್ಲಿ ಅರ್ಧವನ್ನು ಮುಚ್ಚಳಕ್ಕೆ ಹಾಕಿ ಅಧ್ಯಕ್ಷರ ಮುಂದಿಟ್ಟು, ಅಕ್ಕ ಯಾರ್ಡಿಗಿಳಿದರು. ಮುನಿಸಿನಿಂದ ಮುಚ್ಚಳವನ್ನು ಪಕ್ಕಕ್ಕೆ ತಳ್ಳಿದ್ದ ಅಧ್ಯಕ್ಷರು, ಖಾಲಿ ವ್ಯಾಗನ್‌ಗಳ ಕೊನೆಯ ಸಾಲು ಹೊರಟು ತಮ್ಮ ಗಾಡಿಯ ಎಂಜಿನ್ ತಿರುವಿನಲ್ಲಿ ಕಂಡಾಗ ಅದನ್ನು ಮೆಲ್ಲಗೆ ಹತ್ತಿರಕ್ಕೆಳೆದುಕೊಂಡರು. ಮೆಕ್ಕೆಜೋಳ ಹಡಗು ಸೇರಿತು. ಅಂದಿನಿಂದ ಸಂಘದ ರಫ್ತು ನಿಂತಿಲ್ಲ.

ಈಗ ಸಂಘದ ಗೋದಾಮಿನಲ್ಲಿ ಖಾಲಿ ಲಾರಿಗಳಿಗೆಂದೇ ಬೇರೆ ಬಾಗಿಲಿದೆ. ಸುಗ್ಗಿಯ ನೂಕುನುಗ್ಗಲಿನಲ್ಲೂ ಅಲ್ಲಿ ಯಾರೂ ಅಡ್ಡ ನಿಲ್ಲುವಂತಿಲ್ಲ. ಹೊಸ ಚಾಲಕರು ಗೊಣಗಿದರೆ ಅಧ್ಯಕ್ಷರು ನಗುತ್ತಾರೆ. "ನಾನೂ ಒಂದಿನ ಹೀಗೇ ಕೂಗಾಡಿದ್ದೆ ಕಣಪ್ಪಾ. ಕೂಗಾಡಿದವನಿಗೆ ಅವರು ಊಟ ಕೊಟ್ರು."

ನಿವೃತ್ತಿಯ ನಂತರ ಆ ಗೋದಾಮಿಗೆ ಸಲಹೆಗಾರರಾಗಿ ಬರಲು ಅಕ್ಕ ಒಪ್ಪಿದ್ದಾರೆ. ಆರೋಗ್ಯವೂ ಆಯುಸ್ಸೂ ಅವರಿಗೆ ತುಂಬಿ ಬರಲಿ. ನಮ್ಮನ್ನೆಲ್ಲ ಇನ್ನೂ ಬಹುಕಾಲ ಗದರಿಸುತ್ತಿರಲಿ. ಅಧ್ಯಕ್ಷರಂತೂ ಕಿಟಕಿಯ ಪಕ್ಕ ಮೇಜು ಹಾಕಿಸಿ, ಇನ್ನು ಮುಂದೆ ಅಕ್ಕನ ಬುತ್ತಿ ತಮ್ಮ ಮನೆಯಿಂದಲೇ ಎಂದು ಹೇಳಿಕಳುಹಿಸಿದ್ದಾರೆ.